ಹಳೇ ಟಾರ್ಚಿಗೆ ಎಲ್‌ಇಡಿ ಬಲ್ಬು: ಕಾಸರಗೋಡಿಗೆ ಹೊಸದಾಗಿ ಬಂದವರಿಗೆ

ಘಟ್ಟದ ಮೇಲಿಂದ ಇಲ್ಲಿಗೆ ಬಂದು ಮನೆ ಮಾಡಿದವರು ಜೂನ್‌ಗೆ ಮೊದಲೇ ಒಂದು ಟಾರ್ಚ್ ಸರಿ ಮಾಡಿಟ್ಟುಕೊಳ್ಳಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕರೆಂಟ್ ಲೈನುಗಳು ತೋಟ, ಗುಡ್ಡದ ನಡುವೆ ಹಾದು ಬರುತ್ತವೆ. ಗಾಳಿಗೆ ಒಂದು ಮರ ಬಿದ್ದರೆ ರಾತ್ರಿಯಿಡೀ ಕತ್ತಲು. ಮೊಬೈಲ್ ಬೆಳಕು ನಂಬಬೇಡಿ, ಅದರ ಚಾರ್ಜು ಫೋನ್ ಮಾಡಲಿಕ್ಕೆ ಉಳಿಯಲಿ.

ಹೊಸ ಟಾರ್ಚೇ ಬೇಕೆಂದೇನೂ ಇಲ್ಲ. ಊರಿಂದ ತಂದ ದೊಡ್ಡ ಸೆಲ್ಲಿನ ಸ್ಟೀಲ್ ಟಾರ್ಚ್ ಇದ್ದರೆ ಬಲ್ಬು ಮಾತ್ರ ಬದಲಿಸಿ. ಎರಡು ಸೆಲ್ಲಿಗೆ ಹಾಕುವ ಮಾಮೂಲಿ ಬಲ್ಬು 2.38 ವೋಲ್ಟ್, ಅರ್ಧ ಆಂಪಿಯರಿನದ್ದು. ಅಂದರೆ ಸುಮಾರು 1.2 ವಾಟ್ ತಿನ್ನುತ್ತದೆ, ಅದರಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಅರ್ಧ ವಾಟಿನ ಎಲ್‌ಇಡಿ ಅದಕ್ಕಿಂತ ಜಾಸ್ತಿ ಬೆಳಕು ಕೊಡುತ್ತದೆ. ಕೈಜಾರಿ ಬಿದ್ದರೆ ಒಳಗಿನ ತಂತಿ ತುಂಡಾಗುವ ರಗಳೆಯೂ ಇಲ್ಲ.

ಅಂಗಡಿಗೆ ಟಾರ್ಚನ್ನೇ ಹಿಡಿದುಕೊಂಡು ಹೋಗಿ. ಬಲ್ಬಿನ ಬುಡ ಎರಡು ಥರ ಇರುತ್ತದೆ: ತಿರುಗಿಸಿ ಕೂರಿಸುವುದು, ಅಂಚಿಗೆ ತಗಡಿನ ಬಳೆ ಇದ್ದು ಒಳಗೆ ಜಾರಿ ಕೂರುವುದು. ಅದು ಹೊಂದದಿದ್ದರೆ ಸುಮ್ನೆ ದುಡ್ಡು ದಂಡ. ಕಾಸರಗೋಡು ಪೇಟೆಯಲ್ಲಿ ಕನ್ನಡದಲ್ಲೇ ಕೇಳಬಹುದು. ಚಂದ್ರಗಿರಿ ಹೊಳೆ ದಾಟಿ ಕಾಞಂಗಾಡ್ ಕಡೆ ಹೋದರೆ ಮಲಯಾಳದಲ್ಲಿ ‘ಎಲ್‌ಇಡಿ ಬಲ್ಬ್ ಉಂಡೋ’ (ಇದೆಯಾ) ಅಂದು ಟಾರ್ಚ್ ತೋರಿಸಿ, ಸಾಕು.

ಸೆಲ್ ಎಷ್ಟು ಅಂತಲೂ ಹೇಳಲೇಬೇಕು. ಬಿಳಿ ಎಲ್‌ಇಡಿ ಹತ್ತಲಿಕ್ಕೆ ಸುಮಾರು 3 ವೋಲ್ಟ್ ಬೇಕು. ಎರಡು ಹೊಸ ಸೆಲ್ ಸೇರಿದರೆ ಅಷ್ಟೇ ಆಗುವುದು, ಸ್ವಲ್ಪ ಹಳತಾದರೆ ಸಾಲುವುದಿಲ್ಲ. ಹಾಗಾಗಿ ಎರಡು ಸೆಲ್ಲಿನವರು ವೋಲ್ಟೇಜ್ ಏರಿಸುವ ಸಣ್ಣ ಸರ್ಕ್ಯೂಟ್ ಬುಡದಲ್ಲೇ ಇರುವ ಬಲ್ಬು ತಗೊಳ್ಳಿ. ಸೆಲ್ ಸೋತ ಮೇಲೂ ಅದು ಮಿಣಮಿಣ ಉರಿಯುತ್ತದೆ. ಮೂರು ಸೆಲ್ ಅಂದರೆ 4.5 ವೋಲ್ಟ್. ಅದಕ್ಕೆ ಬರೀ ಎಲ್‌ಇಡಿ ಬೆಸೆದರೆ ಸುಟ್ಟುಹೋದೀತು. ಸೋಲ್ಡರಿಂಗ್ ಗೊತ್ತಿದ್ದವರು 5 ಮಿ.ಮೀ. ಎಲ್‌ಇಡಿ ಜೊತೆ 68 ಓಮ್ ರೆಸಿಸ್ಟರ್ ಸೇರಿಸಬಹುದು. ಆ ಬೆಳಕು ಕೋಣೆಗೆ ಸಾಕು, ತೋಟಕ್ಕೆ ಏನೇನೂ ಸಾಲದು.

ಇನ್ನೊಂದು ವಿಷಯ. ಹಳೇ ಬಲ್ಬಿಗೆ ಪ್ಲಸ್, ಮೈನಸ್ ಯಾವ ಕಡೆಗಿದ್ದರೂ ನಡೆಯುತ್ತಿತ್ತು, ಎಲ್‌ಇಡಿಗೆ ನಡೆಯುವುದಿಲ್ಲ. ಸಾಮಾನ್ಯವಾಗಿ ಸೆಲ್ಲಿನ ಟೊಪ್ಪಿ, ಅಂದರೆ ಪ್ಲಸ್ ತುದಿ, ಬಲ್ಬಿನ ಕಡೆಗಿರಬೇಕು. ಹತ್ತದಿದ್ದರೆ ಅಂಗಡಿಯವರಿಗೆ ಬೈಯುವ ಮೊದಲು ಅದನ್ನು ನೋಡಿ.

ಬೆಳಕು ಬೀಳುವ ರೀತಿಯೂ ಬೇರೆ. ತಂತಿ ಬಲ್ಬಿನ ಬೆಳಕು ಸುತ್ತಲೂ ಹರಡಿ, ಹಿಂದಿನ ಹೊಳೆಯುವ ಬಟ್ಟಲಿಗೆ ಬಡಿದು, ಕೋಲಿನ ಹಾಗೆ ದೂರ ಹೋಗುತ್ತದೆ. ಎಲ್‌ಇಡಿ ಬೆಳಕು ಹೆಚ್ಚಾಗಿ ಎದುರಿಗೇ ಹರಡುತ್ತದೆ. ತೆಂಗಿನ ತುದಿ ಕಾಣದಿರಬಹುದು, ಆದರೆ ಅಂಗಳ, ಮೆಟ್ಟಿಲು, ಕಾಲುದಾರಿ ಚೆನ್ನಾಗಿ ಕಾಣುತ್ತದೆ. ಹಾವು ಇರುವುದು ಕಾಲ ಬುಡದಲ್ಲೇ ಅಲ್ವಾ?

ಮಳೆಗಾಲ ಮುಗಿದ ಮೇಲೆ ಸೆಲ್ ಹೊರಗೆ ತೆಗೆದಿಡಿ. ಒಳಗೇ ಬಿಟ್ಟರೆ ಒಸರಿ ಸ್ಪ್ರಿಂಗ್ ಹಾಳು. ಉಪ್ಪಳ, ಕುಂಬಳೆಯ ಕಡಲ ಬದಿಯವರಿಗೆ ಉಪ್ಪುಗಾಳಿಯ ತುಕ್ಕು ಬೇರೆ. ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿ. ಹಳೇ ಸೆಲ್ ಜೊತೆ ಹೊಸದನ್ನು ಸೇರಿಸಬೇಡಿ.

ತುಂಡಾಗಿ ಬಿದ್ದ ಲೈನ್ ಟಾರ್ಚಿಗೆ ಕಂಡರೆ ಹತ್ತಿರ ಹೋಗಲೇಬೇಡಿ, 1912ಕ್ಕೆ ಫೋನ್ ಮಾಡಿ. ಕರೆಂಟ್ ಹೋದ ದೂರಿಗೆ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲಿನ 13 ಅಂಕಿಯ ಕನ್ಸ್ಯೂಮರ್ ನಂಬರ್ ಬೇಕಾಗುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಟಾರ್ಚಿನ ಮೈಗೇ ಅಂಟಿಸಿಡಿ. ಕತ್ತಲಲ್ಲಿ ಬಿಲ್ಲು ಹುಡುಕುತ್ತಾ ಕೂರುವುದು ತಪ್ಪುತ್ತದೆ.