ಕುದಿಸದೆ ತೆಗೆದ ಸ್ಪಂಜೆಲುಬಿನ ಸೀಳು: ನನ್ನ ಅನುಭವ

ಎಲುಬು ಕುದಿಸದೆ ಒಳಗಿನ ಕೊಬ್ಬು ಬಿಡುವುದಿಲ್ಲ, ಬಿಟ್ಟರೂ ಸ್ಪಂಜಿನ ಭಾಗ, ಅಂದರೆ ಎಲುಬಿನ ತುದಿಯೊಳಗಿನ ತೆಳು ಕಡ್ಡಿಗಳ ಜಾಲ, ಹಿಟ್ಟಿನಂತೆ ಉದುರುತ್ತದೆ ಎಂದು ಪ್ರಯೋಗಾಲಯದ ಕೆಲಸ ಬಲ್ಲವರೇ ಹೇಳುತ್ತಿದ್ದರು. ಆ ಜಾಲ ನೋಡಲೆಂದು ಕುರಿಯ ತೊಡೆಯೆಲುಬಿನಿಂದ ಕುದಿಸದೆ ತೆಗೆದ, ವಿಜಯಪುರದ ಎರಡು ಬೇಸಿಗೆ ಕಂಡ ಸೀಳುಗಳು ಈಗ ಕಪಾಟಿನಲ್ಲಿವೆ. ಒಂದರಲ್ಲೂ ಹಳದಿ ಜಿಡ್ಡು ಎದ್ದಿಲ್ಲ, ಬ್ರಷ್ ಆಡಿಸಿದರೆ ಕಡ್ಡಿ ಉದುರುವುದಿಲ್ಲ. ಎಲುಬು ಬಿಡಿಸುವುದು, ಕೈಗವಸು, ಗರಗಸ ಇವೆಲ್ಲ ಗೊತ್ತಿದ್ದವರಿಗಷ್ಟೇ ಇದು. ಒಂದು ಮಾತು ಮಾತ್ರ ಹೇಳಲೇಬೇಕು: ತಾನಾಗಿ ಸತ್ತ ದನ, ಕುರಿಯ ಎಲುಬು ಮುಟ್ಟಬೇಡಿ. ನೆರಡಿ ರೋಗದ (ಆಂಥ್ರಾಕ್ಸ್) ಬೀಜಾಣು ಅಷ್ಟು ಸುಲಭಕ್ಕೆ ಸಾಯುವುದಲ್ಲ.

ಎಲುಬು ಆರಿಸುವಲ್ಲೇ ಅರ್ಧ ಕೆಲಸ ಕೆಡುತ್ತದೆ. ಮಟನ್ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಎಳೆ ಮರಿ. ಅದರ ತೊಡೆಯೆಲುಬಿನ ತುದಿಗೂ ನಡುಕಂಬಕ್ಕೂ ಮಧ್ಯೆ ಇನ್ನೂ ಮೃದ್ವಸ್ಥಿಯ, ಅಂದರೆ ಗಟ್ಟಿ ಎಲುಬಾಗದ ಮೆತ್ತನೆ ಭಾಗದ, ಪದರ ಇರುತ್ತದೆ. ನೀರಿನಲ್ಲಿ ಆ ಪದರ ಕೊಳೆತು ಎಲುಬಿನ ತಲೆ ಟೊಪ್ಪಿಗೆಯಂತೆ ಕಳಚಿ ಬೀಳುತ್ತದೆ. ಮೊದಲ ಐದಾರು ಎಲುಬು ಹೀಗೇ ಹೋದವು. ಬಾಯಿಗೂಡಿದ ಕುರಿ, ಎಂಟೂ ಹಲ್ಲು ಬಂದು ಸುಮಾರು 4 ವರ್ಷ ದಾಟಿದ್ದು, ಬೇಕೆಂದು ಹಿಂದಿನ ದಿನವೇ ಹೇಳಿಡಬೇಕು. ಹಿಂಗಾಲಿನ ಎಲುಬಿಗೆ ಕತ್ತಿಯ ಏಟು ಬೀಳಬಾರದು. ಕಣ್ಣಿಗೆ ಕಾಣದ ಬಿರುಕು ಒಣಗುವಾಗ ಬಾಯಿ ಬಿಡುತ್ತದೆ. ಮಾಂಸ ಬಿಡಿಸಿದ ಇಡೀ ಎಲುಬಿಗೆ ನಾನು ಕೊಟ್ಟದ್ದು 40 ರೂಪಾಯಿಯ ಆಸುಪಾಸು. ಅಗ್ಗವೆಂದು ಬ್ರಾಯ್ಲರ್ ಕೋಳಿಗೆ ಕೈಹಾಕಬೇಡಿ. ಸುಮಾರು 40 ದಿನದ ಹಕ್ಕಿಯ ಎಲುಬಿನ ತುದಿ ಬಹುಪಾಲು ಮೃದ್ವಸ್ಥಿಯೇ, ತೊಳೆದ ಮೇಲೆ ಉಳಿಯುವುದು ಬರೀ ಕೊಳವೆ.

ಹಸಿ ಎಲುಬು ಕೊಯ್ದರೆ ಬ್ಲೇಡಿನ ಹಲ್ಲಿಗೆ ಕೊಬ್ಬು ಮೆತ್ತಿಕೊಂಡು ಜಾರುತ್ತದೆ, ಕಡ್ಡಿಗಳು ಬಾಗಿ ಮುರಿಯುತ್ತವೆ. ಒಣಗಿಸಿ ಕೊಯ್ದರೆ ಹುಡಿ ಕಿಂಡಿಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಆ ಕಡ್ಡಿಗಳ, ಅಂದರೆ ಟ್ರಾಬೆಕ್ಯುಲೆಗಳ, ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸು. ಬೆಂಬಲ ಇಲ್ಲದೆ ಗರಗಸ ತಡೆಯುವುದಿಲ್ಲ. ಹೆಪ್ಪುಗಟ್ಟಿದ ಮಜ್ಜೆಯೇ ಆ ಬೆಂಬಲ. ಡೀಪ್ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟು, ತೆಗೆದ ಕೂಡಲೇ ಕೊಯ್ಯಬೇಕು. ಏಪ್ರಿಲ್‌ನಲ್ಲಿ ಕೈಗೆ ಸಿಗುವುದು 8-10 ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೆ ಮತ್ತೆ ಫ್ರೀಜರಿಗೆ. ಹ್ಯಾಕ್ಸಾ ಬ್ಲೇಡು ಇಂಚಿಗೆ 24 ಹಲ್ಲಿನದು, ಎರಡು ಎಲುಬಿಗೆ ಒಂದು. ಆ್ಯಂಗಲ್ ಗ್ರೈಂಡರ್ ಐದು ಸೆಕೆಂಡಿನಲ್ಲಿ ಕೊಯ್ಯುತ್ತದೆ ನಿಜ, ಆದರೆ ಅಂಚು ಸುಟ್ಟು ಕಂದಾಗುತ್ತದೆ, ಆ ಬಣ್ಣ ಯಾವುದಕ್ಕೂ ಹೋಗುವುದಿಲ್ಲ. ಸೀಳಿನ ದಪ್ಪ 4-5 ಮಿಲಿಮೀಟರ್ ಇರಲಿ. 3ಕ್ಕಿಂತ ಕಡಿಮೆ ಮಾಡಿದ್ದೆಲ್ಲ ತೊಳೆಯುವಾಗ ಮುರಿಯಿತು.

ಕೊಯ್ತದ ದಿಕ್ಕು ತಪ್ಪಿದರೆ ಕಾಣುವುದು ಬರೀ ತೂತುಗಳ ರಾಶಿ. ತೊಡೆಯೆಲುಬಿನ ಮೇಲ್ತುದಿಯ ಗುಂಡು ತಲೆಯ ನಡು, ಅದರ ಕೆಳಗಿನ ಕುತ್ತಿಗೆ, ಹೊರಬದಿಯ ದೊಡ್ಡ ಉಬ್ಬು, ಈ ಮೂರರ ಮೇಲೂ ಒಂದೇ ಗೆರೆ ಹಾಯಬೇಕು. ದಾರ ಸುತ್ತಿ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಎಲುಬು ಅಲುಗದಂತೆ ಹಿಡಿಯುವ ಕಟ್ಟಿಗೆಯ ಅಚ್ಚಿನ ಕೋನ ಮಾತ್ರ ಇಲ್ಲಿ ಬರೆಯುವುದಿಲ್ಲ. ನಾಲ್ಕು ಎಲುಬು ಕೆಡಿಸಿದರೆ ಯಾರಿಗೂ ಹೊಳೆಯುವಂಥದ್ದೇ.

ಇನ್ನು ಮಜ್ಜೆ. ಇಲ್ಲೇ ಹೆಚ್ಚು ದುಡ್ಡು ಮುಳುಗಿದ್ದು. ವಾಷಿಂಗ್ ಸೋಡಾ ಹಾಕಿ ಗಂಟೆಗಟ್ಟಲೆ ಕುದಿಸಿದ ಸೀಳು ಮೊದಲ ದಿನ ಹೊಳೆಯಿತು, ತಿಂಗಳಲ್ಲಿ ಸೀಮೆಸುಣ್ಣವಾಯಿತು. ಎಲುಬಿನ ಗಟ್ಟಿತನ ಸುಣ್ಣದ ಅಂಶದ್ದು, ಮುರಿಯದೆ ತಡೆಯುವ ಗುಣ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನದು. ಕುದಿತ ಅದೇ ಕೊಲಾಜನ್ನನ್ನು ಜೆಲಾಟಿನ್ ಮಾಡಿ ಕರಗಿಸುತ್ತದೆ. ಸಾಲದ್ದಕ್ಕೆ ಕರಗಿದ ಕೊಬ್ಬು ಹೊರಗಿನ ಗಟ್ಟಿ ಪದರಕ್ಕೆ ಇಳಿದು ಕೂರುತ್ತದೆ. ಬಟ್ಟೆಯ ಬ್ಲೀಚ್ ಇನ್ನೂ ಕೆಟ್ಟದ್ದು. ತೊಳೆದೆವು ಅಂದುಕೊಂಡ ಮೇಲೂ ಒಳಗೆ ತಿನ್ನುತ್ತಲೇ ಇರುತ್ತದೆ. ಪೆಟ್ರೋಲ್ ಕೊಬ್ಬನ್ನೇನೋ ಎಳೆಯುತ್ತದೆ, ಆದರೆ ವಾಸನೆ ವರ್ಷವಾದರೂ ಬಿಡುವುದಿಲ್ಲ.

ಕೊನೆಗೆ ಕೈಹಿಡಿದದ್ದು ಬರೀ ನೀರು. ಸೀಳುಗಳನ್ನು ಮುಚ್ಚಳದ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಬ್ಯಾಕ್ಟೀರಿಯಾಗಳೇ ಮಜ್ಜೆ ತಿನ್ನುತ್ತವೆ. ಎರಡು ದಿನಕ್ಕೊಮ್ಮೆ ಅರ್ಧ ನೀರು ಮಾತ್ರ ಬದಲಿಸಿ. ಪೂರ್ತಿ ಚೆಲ್ಲಿದರೆ ಕೆಲಸ ಮಾಡುವವೂ ಚೆಲ್ಲಿಹೋಗುತ್ತವೆ. ಬಾಗಲಕೋಟೆಯ ಬೇಸಿಗೆಯಲ್ಲಿ ಒಂದು ವಾರ, ಬೆಳಗಾವಿಯ ಚಳಿಯಲ್ಲಿ ಮೂರು ವಾರ ಹಿಡಿಯಿತು. ನಾತಕ್ಕೆ ಉಪಾಯವಿಲ್ಲ, ಬಕೆಟ್ ಮನೆಯಿಂದ ದೂರ ಇಡಿ. ಆಮೇಲೆ 50 ಮಿಲಿಯ ಸಿರಿಂಜಿಗೆ ತುದಿ ಉಜ್ಜಿದ ದಪ್ಪ ಸೂಜಿ ಹಾಕಿ ಎರಡೂ ಮುಖದಿಂದ ನೀರು ಹಾಯಿಸುವುದು. ಬೈಕ್ ತೊಳೆಯುವ ಪೈಪಿನ ರಭಸಕ್ಕೆ ಇಡೀ ಸೀಳು ಜಾಲರಿ ಕಳೆದುಕೊಂಡು ಬಳೆಯಾಯಿತು.

ಉಳಿದ ಜಿಡ್ಡಿಗೆ ಬೆಚ್ಚನೆಯ ನೀರು, ಕೈ ತಡೆಯುವಷ್ಟು ಬಿಸಿ, ಲೀಟರಿಗೆ ಎರಡು ಚಮಚ ಡಿಟರ್ಜೆಂಟ್, ದಿನಕ್ಕೊಮ್ಮೆ ಬದಲಿಸುತ್ತ ನಾಲ್ಕೈದು ದಿನ. ಸಾಬೂನು ಬೇಡ. ವಿಜಯಪುರದ ಕಡೆ ಬೋರಿನ ಗಡಸು ನೀರಿಗೆ ಸಾಬೂನು ಮೊಸರಿನಂತೆ ಒಡೆದು ಕಿಂಡಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಯ ಎರಡು ತೊಳೆತಕ್ಕೆ ಊರಿನ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ಸಾಕು, ಐದು ರೂಪಾಯಿ ಉಳಿಸಲು ಹೋಗಿ ಬಿಳಿ ಪೊರೆ ತರಿಸಿಕೊಳ್ಳಬೇಡಿ. ಹಟಮಾರಿ ಸೀಳಿದ್ದರೆ ಒಣಗಿಸಿ ಎರಡು ದಿನ ಅಸಿಟೋನಿನಲ್ಲಿ, ಗಾಜಿನ ಬಾಟಲಿ, ಬಿಗಿ ಮುಚ್ಚಳ, ಒಲೆಯಿಂದ ದೂರ. ಡಿಟರ್ಜೆಂಟಿನ ಜೊತೆ ಇನ್ನೊಂದು ಪುಡಿ ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಬಿಳುಪಿಗೆ 6 ಶೇಕಡ ಹೈಡ್ರೋಜನ್ ಪೆರಾಕ್ಸೈಡಿಗೆ ಸಮ ನೀರು, ಒಂದು ರಾತ್ರಿ. ಬುರುಗು ಜೋರಾಗಿ ಎದ್ದರೆ ಒಳಗೆ ರಕ್ತ ಮಜ್ಜೆ ಇನ್ನೂ ಇದೆ ಎಂದೇ ಅರ್ಥ, ಡಿಟರ್ಜೆಂಟಿಗೆ ವಾಪಸ್ ಕಳಿಸಿ. ಒಣಗಿಸುವುದು ನೆರಳಲ್ಲೇ, ಬಲೆಯ ಮೇಲೆ ಮೂರು ದಿನ. ಬಿಸಿಲಿಗಿಟ್ಟರೆ ಹೊರ ಪದರ ಮೊದಲು ಬಿಗಿದು ಸೀಳು ಸೊಟ್ಟಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಈ ಕೆಲಸಕ್ಕೇ ಇಳಿಯಬಾರದು, ಬೂಷ್ಟು ಹಿಡಿಯುತ್ತದೆ. ಬ್ಲೇಡು, ರಾಸಾಯನಿಕ, ಕೆಟ್ಟದ್ದು ಎಲ್ಲ ಸೇರಿ ಹತ್ತು ಒಳ್ಳೆಯ ಸೀಳಿಗೆ ಸುಮಾರು 900 ರೂಪಾಯಿ ಬಿತ್ತು.

ಕಪ್ಪು ಬಟ್ಟೆಯ ಮೇಲಿಟ್ಟು ಪಕ್ಕದಿಂದ ಟಾರ್ಚ್ ಹಿಡಿಯಿರಿ. ತಲೆಯ ಮೇಲ್ಮೈಯಿಂದ ಕುತ್ತಿಗೆಯ ಒಳಬದಿಗೆ ಇಳಿಯುವ ದಟ್ಟ ಕಂಬಗಳು ಒತ್ತಡ ಹೊರುವವು. ಹೊರಬದಿಯಿಂದ ಕಮಾನಿನಂತೆ ಬಾಗಿ ಅವನ್ನು ಅಡ್ಡ ಹಾಯುವವು ಎಳೆತ ತಡೆಯುವವು. ಮನುಷ್ಯನ ತೊಡೆಯೆಲುಬಿನ ಇದೇ ಗೆರೆಗಳನ್ನು 1867ರಲ್ಲಿ ಅಂಗರಚನಾ ತಜ್ಞ ಮೆಯರ್ ಪ್ರಕಟಿಸಿದ, ಅವು ಹೊರೆಯ ಗೆರೆಗಳೆಂದು ಗುರುತಿಸಿದವ ಎಂಜಿನಿಯರ್ ಕುಲ್ಮನ್. ಹೊರೆಗೆ ತಕ್ಕಂತೆ ಎಲುಬು ತನ್ನನ್ನು ತಿದ್ದಿಕೊಳ್ಳುತ್ತದೆ ಎಂದು 1892ರಲ್ಲಿ ಶಸ್ತ್ರವೈದ್ಯ ವುಲ್ಫ್ ಬರೆದ. ಕುರಿಯಲ್ಲಿ ಕುತ್ತಿಗೆ ಗಿಡ್ಡ, ಜಾಲ ದಟ್ಟ; ಮನುಷ್ಯನ ಎಕ್ಸ್‌ರೇಯಲ್ಲಿ ಕಾಣುವ ವಾರ್ಡ್ ತ್ರಿಕೋನ, ಅಂದರೆ ಈ ಗೆರೆಗಳ ನಡುವೆ ಕಡ್ಡಿ ವಿರಳವಾದ ಜಾಗ, ಇಲ್ಲಿ ಹುಡುಕಬೇಡಿ. ಮನುಷ್ಯನಲ್ಲಿ ಆ ಗೆರೆಗಳು ಒಂದೊಂದಾಗಿ ಅಳಿಯುವುದನ್ನು 6ರಿಂದ 1ರವರೆಗೆ ಎಣಿಸಿ ಎಲುಬಿನ ಸವೆತ ಅಳೆಯುವ ಸಿಂಗ್ ಸೂಚ್ಯಂಕ 1970ರದ್ದು.

ಇಷ್ಟು ತೆಳು ಕಡ್ಡಿಗೆ ನಡುವೆ ರಕ್ತನಾಳದ ಕಾಲುವೆ ಸಾಮಾನ್ಯವಾಗಿ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಸುತ್ತಲ ಮಜ್ಜೆಯಿಂದಲೇ ಒಳಗಿನ ಕೋಶಗಳಿಗೆ ಆಹಾರ ತಲುಪುತ್ತದೆ. ಅಸ್ಥಿಪಂಜರದ ತೂಕದಲ್ಲಿ ಸ್ಪಂಜಿನ ಪಾಲು ಸುಮಾರು 20 ಶೇಕಡ, ಮೇಲ್ಮೈ ಲೆಕ್ಕದಲ್ಲಿ ಮಾತ್ರ ಅದೇ ದೊಡ್ಡದು. ಎಲುಬು ಕರಗಿಸುವ ಕೋಶಗಳು ಮೇಲ್ಮೈಯಿಂದಲೇ ಕೊರೆಯುವುದರಿಂದ ಸವೆತ ಮೊದಲು ಇಲ್ಲೇ.

ಬಿಡುವಿದ್ದಾಗ ಮೊಣಕಾಲಿನ ಕಡೆಯಿಂದ 1 ಸೆಂಟಿಮೀಟರಿನ ಘನ ಕೊಯ್ದು ಬಂಗಾರದ ತಕ್ಕಡಿಯಲ್ಲಿ ತೂಗಿದೆ: ಸುಮಾರು 0.7 ಗ್ರಾಂ. ಗಟ್ಟಿ ಎಲುಬಾಗಿದ್ದರೆ ಹತ್ತಿರ ಹತ್ತಿರ 2 ಗ್ರಾಂ ತೂಗಬೇಕಿತ್ತು. ಹಾಗಾದರೆ ಮೂರರಲ್ಲಿ ಎರಡು ಪಾಲು ಖಾಲಿ. ಬೀಟ್‌ರೂಟ್ ನೀರನ್ನು ಒಂದು ಮೂಲೆಗೆ ಹನಿಸಿದರೆ ಎದುರು ಮೂಲೆಯಲ್ಲಿ ಒಸರುತ್ತದೆ, ಕಿಂಡಿಗಳೆಲ್ಲ ಒಂದಕ್ಕೊಂದು ಕೂಡಿರುವುದರಿಂದ. ಸನ್ನೆಗೋಲಿಗೆ ಮರಳಿನ ಬಕೆಟ್ ಕಟ್ಟಿ 8 ಮಿಲಿಮೀಟರಿನ ಘನ ಒತ್ತಿದಾಗ ಕಡ್ಡಿಗಳ ಉದ್ದಕ್ಕೆ ಅರವತ್ತು ಚಿಲ್ಲರೆ ಕೆಜಿ ತಾಳಿತು, ಅಡ್ಡಕ್ಕೆ ಅದರ ಅರ್ಧವೂ ಇಲ್ಲ. ಕಟ್ಟಿಗೆಯ ನಾರಿನ ಲೆಕ್ಕವೇ.

ಬೆನ್ನೆಲುಬಿನ ಮಣಿಯನ್ನೂ ಸೀಳಿದೆ. ನಾಲ್ಕು ಕಾಲಿನ ಪ್ರಾಣಿಯ ಬೆನ್ನು ಅಡ್ಡ ಮಲಗಿದ್ದರೂ ಮಣಿಯೊಳಗಿನ ಕಡ್ಡಿಗಳು ಬೆನ್ನಿನ ಉದ್ದಕ್ಕೇ ಸಾಗುತ್ತವೆ, ಯಾಕೆಂದರೆ ಮಣಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು ಸ್ನಾಯು ಮತ್ತು ಎಲುಬಿಗೆ ಎಲುಬು ಬಿಗಿಯುವ ಅಸ್ಥಿಬಂಧಗಳು. ಮಣಿಯ ಹೊರ ಪದರ ತೀರಾ ತೆಳು. ಅದಕ್ಕೆ ತೊಡೆಯೆಲುಬಿನ ಅಳತೆ ಹಾಕಿದರೆ ಪೆರಾಕ್ಸೈಡಿನಲ್ಲೇ ಅಂಚು ಕಿತ್ತು ಬರುತ್ತದೆ. ಅರ್ಧ ರಾತ್ರಿ ಸಾಕು.