ಹಲ್ಲಿಯ ಮೆದುಳಿನಲ್ಲಿ ವಾಸೊಟೋಸಿನ್ ಎಲ್ಲೆಲ್ಲಿದೆ ಎಂದು ಗುರುತಿಸುವ ಬಗೆ

ವಾಸೊಟೋಸಿನ್ ಒಂಬತ್ತು ಅಮೈನೊ ಆಮ್ಲಗಳ ಪುಟ್ಟ ನ್ಯೂರೋಪೆಪ್ಟೈಡ್, ಅಂದರೆ ನರಕೋಶಗಳು ತಯಾರಿಸುವ ಪ್ರೋಟೀನ್ ತುಣುಕು. ಸರೀಸೃಪಗಳ ಮೆದುಳಿನಲ್ಲಿ ಇದರೊಡನೆಯೇ ಇರುವ ಮೆಸೊಟೋಸಿನ್ ಎಂಟನೆಯ ಸ್ಥಾನದಲ್ಲಿ ಮಾತ್ರ ಬೇರೆಯಾಗಿದೆ: ವಾಸೊಟೋಸಿನ್‌ನಲ್ಲಿ ಅಲ್ಲಿ ಆರ್ಜಿನೈನ್, ಮೆಸೊಟೋಸಿನ್‌ನಲ್ಲಿ ಐಸೊಲ್ಯೂಸಿನ್. ಪೆಪ್ಟೈಡನ್ನು ಹುಡುಕಲು ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನು (ಆಂಟಿಬಾಡಿ) ಬಳಸಿ, ಅದು ಅಂಟಿದಲ್ಲಿ ಬಣ್ಣ ಬರುವಂತೆ ಮಾಡುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಎಲ್ಲ ಪ್ರತಿಕಾಯಗಳೂ ಗುರುತಿಸಲಾರವಾದ್ದರಿಂದ, ಮೆದುಳನ್ನು ಮುಟ್ಟುವ ಮೊದಲೇ ಪ್ರತಿಕಾಯವನ್ನು ಪರೀಕ್ಷಿಸುವ ವಿಧಾನವನ್ನು ನಿರ್ಧರಿಸಿಕೊಳ್ಳಬೇಕು.

ಪರೀಕ್ಷೆ ಸರಳವಾದದ್ದು. ತೆಳುಗೊಳಿಸಿದ ಪ್ರತಿಕಾಯವನ್ನು ಮೂರು ಕೊಳವೆಗಳಿಗೆ ಹಂಚಿ, ಒಂದಕ್ಕೆ ವಾಸೊಟೋಸಿನ್, ಇನ್ನೊಂದಕ್ಕೆ ಮೆಸೊಟೋಸಿನ್ ಬೆರೆಸಿ, ಮೂರನೆಯದನ್ನು ಹಾಗೆಯೇ ಬಿಟ್ಟು, ರಾತ್ರಿಯಿಡೀ 4 ಡಿಗ್ರಿ ಸೆಲ್ಸಿಯಸ್‌ನಲ್ಲಿರಿಸಿ, ಮರುದಿನ ಮೆದುಳಿನ ಅಕ್ಕಪಕ್ಕದ ಸೆಕ್ಷನ್‌ಗಳ (ತೆಳು ಸೀಳುಗಳ) ಮೇಲೆ ಬಳಸಬೇಕು. ವಾಸೊಟೋಸಿನ್ ಬೆರೆಸಿದಲ್ಲಿ ಬಣ್ಣ ಪೂರ್ತಿ ಅಳಿಯಬೇಕು. ಮೆಸೊಟೋಸಿನ್ ಬೆರೆಸಿದಲ್ಲಿ ಹಾಗೆಯೇ ಉಳಿಯಬೇಕು. ಎರಡರಲ್ಲೂ ಅಳಿದರೆ ಆ ಪ್ರತಿಕಾಯದಿಂದ ನಕ್ಷೆ ಬರೆಯುವಂತಿಲ್ಲ. ಎರಡನೆಯದರಲ್ಲಿ ಕೆಲವು ಕೋಶಗಳು ಮಾತ್ರ ಮರೆಯಾದರೆ, ಮೆಸೊಟೋಸಿನ್ ಬೆರೆಸಿಟ್ಟ ಪ್ರತಿಕಾಯವನ್ನೇ ಮುಂದೆಯೂ ಬಳಸುವುದು ಒಳ್ಳೆಯದು.

ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಪಡೆದ ಬಳಿಕ, ಆಳವಾದ ಅರಿವಳಿಕೆಯಲ್ಲಿರುವ ಪ್ರಾಣಿಯ ಹೃದಯದ ಮೂಲಕ ಮೊದಲು ಲವಣದ್ರಾವಣವನ್ನೂ ಆಮೇಲೆ 0.1 ಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ 7.4) ಕರಗಿಸಿದ ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡನ್ನೂ ಹಾಯಿಸಬೇಕು. ಇಲ್ಲಿ ಅವಸರ ಸಲ್ಲದು. ಸರೀಸೃಪಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿರುತ್ತದೆ. ರಕ್ತ ಉಳಿದುಬಿಟ್ಟರೆ ಅದರ ಪೆರಾಕ್ಸಿಡೇಸ್ ಚಟುವಟಿಕೆಯಿಂದ ಅವೂ ಕಂದುಬಣ್ಣಕ್ಕೆ ತಿರುಗಿ, ಹೊಸಬರ ಕಣ್ಣಿಗೆ ಪುಟ್ಟ ನರಕೋಶಗಳಂತೆಯೇ ಕಾಣುತ್ತವೆ. ಹೈಡ್ರೋಜನ್ ಪೆರಾಕ್ಸೈಡ್‌ನ ಪೂರ್ವೋಪಚಾರ ಇದನ್ನು ತಗ್ಗಿಸುತ್ತದೆಯಾದರೂ ಚೆನ್ನಾಗಿ ತೊಳೆದ ಮೆದುಳಿಗೆ ಅದು ಸಾಟಿಯಲ್ಲ. ಮೆದುಳನ್ನು ಶೇ. 30ರ ಸುಕ್ರೋಸ್‌ನಲ್ಲಿ ಮುಳುಗುವವರೆಗೆ ಇಟ್ಟು, ಕ್ರಯೋಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿದ ಅಂಗಾಂಶವನ್ನು ತೆಳುವಾಗಿ ಕತ್ತರಿಸುವ ಯಂತ್ರ) 30 ಮೈಕ್ರೋಮೀಟರ್ ದಪ್ಪಕ್ಕೆ ಅಡ್ಡಲಾಗಿ ಕತ್ತರಿಸಿ, ಸೆಕ್ಷನ್‌ಗಳನ್ನು ಸರದಿಯಂತೆ ಮೂರು ತಟ್ಟೆಗಳಿಗೆ ಹಾಕಿ: ವಾಸೊಟೋಸಿನ್‌ಗೊಂದು, ಮೆಸೊಟೋಸಿನ್‌ಗೊಂದು, ಎಲ್ಲ ನರಕೋಶಗಳನ್ನೂ ತೋರಿಸುವ ನಿಸ್ಲ್ ಬಣ್ಣಕ್ಕೊಂದು. ಮೂರನೆಯದಿಲ್ಲದೆ ಯಾವ ನರಕೇಂದ್ರದ (ನರಕೋಶಗಳ ಗುಂಪಿನ) ಗಡಿಯನ್ನೂ ನಂಬಿಕೆಯಿಂದ ಎಳೆಯಲಾಗದು.

ವಯಸ್ಕ ಹಲ್ಲಿಯಲ್ಲಿ ಮೊದಲು ಹೈಪೋಥಲಾಮಸ್‌ನ ಸುಪ್ರಾಆಪ್ಟಿಕ್ ಮತ್ತು ಪ್ಯಾರಾವೆಂಟ್ರಿಕ್ಯುಲರ್ ನರಕೇಂದ್ರಗಳ ದೊಡ್ಡ ಕೋಶಗಳನ್ನು ಗುರುತಿಸಿ, ಅಲ್ಲಿಂದ ಪಿಟ್ಯುಟರಿಯ ಕಡೆಗೆ ಸಾಗುವ ನರತಂತುಗಳನ್ನು ಹಿಂಬಾಲಿಸಬೇಕು. ನಂತರ ಮುಂಮೆದುಳಿನ ನಡುಭಾಗದಲ್ಲಿರುವ ಸೆಪ್ಟಮ್‌ನತ್ತ ಬರಬೇಕು. ಟೊಕೇ ಹಲ್ಲಿಯ ಮೇಲೆ ಸ್ಟೋಲ್ ಮತ್ತು ವೂರ್ನ್ 1985ರಲ್ಲಿ ಪ್ರಕಟಿಸಿದ ಅಧ್ಯಯನವು ಹೈಪೋಥಲಾಮಸ್‌ನ ಹೊರಗಿನ ವಾಸೊಟೋಸಿನ್ ತಂತುಗಳಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸವನ್ನು ತೋರಿಸಿತು. ಸೆಪ್ಟಮ್‌ನಲ್ಲಿ ಗಂಡಿನ ತಂತುಜಾಲ ಹೆಚ್ಚು ದಟ್ಟವಾಗಿರುತ್ತದೆ. ಆದ್ದರಿಂದ ಎರಡೂ ಲಿಂಗಗಳನ್ನು ಬೆರೆಸಿ ಸರಾಸರಿ ತೆಗೆಯುವುದು ತಪ್ಪು; ಪ್ರಾಣಿಯನ್ನು ಹಿಡಿದ ತಿಂಗಳನ್ನೂ ವೃಷಣ ಅಥವಾ ಅಂಡಾಶಯದ ಸ್ಥಿತಿಯನ್ನೂ ದಾಖಲಿಸಲೇಬೇಕು.

ಭ್ರೂಣಗಳಲ್ಲೂ ವಾಸೊಟೋಸಿನ್ ಹುಡುಕುವುದಾದರೆ ಅವುಗಳ ವಯಸ್ಸನ್ನು ದಿನಗಳಲ್ಲಿ ಎಣಿಸಬಾರದು, ಏಕೆಂದರೆ ಕಾವಿನ ಉಷ್ಣತೆ ಬದಲಾದರೆ ಬೆಳವಣಿಗೆಯ ವೇಗವೂ ಬದಲಾಗುತ್ತದೆ. ಕಣ್ಣು, ಕೈಕಾಲಿನ ಮೊಳಕೆ, ಬೆರಳುಗಳ ರೂಪ ನೋಡಿ ಹಂತವನ್ನು ನಿರ್ಧರಿಸಬೇಕು. ದ್ಯುಫೋರ್ ಮತ್ತು ಹ್ಯೂಬೇರ್ 1961ರಲ್ಲಿ ಮರಿ ಹಾಕುವ ಯುರೋಪಿನ ಹಲ್ಲಿಗೆ ರೂಪಿಸಿದ 40 ಹಂತಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ನಮ್ಮ ಓತಿಕ್ಯಾತಕ್ಕೂ ಪ್ರತ್ಯೇಕ ಪಟ್ಟಿಯಿರುವುದರಿಂದ ಅದನ್ನೇ ಅನುಸರಿಸುವುದು ಮೇಲು. ಎಳೆಯ ಭ್ರೂಣದ ಮೆದುಳನ್ನು ಬಿಡಿಸಲು ಹೋಗದೆ ಇಡೀ ತಲೆಯನ್ನೇ ಸ್ಥಿರೀಕರಣ ದ್ರಾವಣದಲ್ಲಿ ಮುಳುಗಿಸಿ, ಒತ್ತಾಗಿ ಸೇರಿದ ಕೋಶಗಳು ಬಿಡಿಯಾಗಿ ಕಾಣುವಂತೆ ಇನ್ನೂ ತೆಳುವಾಗಿ ಕತ್ತರಿಸಿ.

ಯಾವುದಾದರೂ ಹಂತದಲ್ಲಿ ಬಣ್ಣ ಕಾಣದಿದ್ದರೆ "ಪೆಪ್ಟೈಡ್ ಇಲ್ಲ" ಎಂದು ಬರೆಯದೆ "ಪತ್ತೆಯಾಗಲಿಲ್ಲ" ಎಂದು ಬರೆಯಿರಿ. ತಯಾರಾದ ಪೆಪ್ಟೈಡ್ ಕೂಡಲೇ ತಂತುಗಳಿಗೆ ಸಾಗಿಹೋದರೆ ಕೋಶಕಾಯ ಖಾಲಿಯಾಗಿ ಕಾಣಬಹುದು. ಅಂತಹ ಕಡೆ ವಾಸೊಟೋಸಿನ್‌ನ ಎಂಆರ್‌ಎನ್‌ಎಯನ್ನು (ಪೆಪ್ಟೈಡ್ ತಯಾರಿಕೆಯ ಸೂಚನೆಯನ್ನು ಹೊತ್ತ ಅಣು) ಪಕ್ಕದ ಸೆಕ್ಷನ್‌ನಲ್ಲಿ ಹುಡುಕಬೇಕು.