57 ಟ್ರೇನೋ 58 ಟ್ರೇನೋ: ಸಸಿ ಆರ್ಡರಿಗೆ ನಾರ್ಮಲ್ ಲೆಕ್ಕ

ಮೊಳಕೆ ಶೇ. 90 ಇದ್ದರೆ ಹತ್ತು ಪರ್ಸೆಂಟ್ ಜಾಸ್ತಿ ಬಿತ್ತಿದರೆ ಸಾಕು ಅಂತಾರೆ ನಮ್ಮ ನರ್ಸರಿಯವರು. 5,000 ದೊಣ್ಣೆ ಮೆಣಸಿನಕಾಯಿ ಸಸಿಗೆ ಹಾಗೆ ಹೋದರೆ 98 ಗುಳಿಯ 56 ಟ್ರೇ, ಅಂದರೆ 5,488 ಬೀಜ. ಏಳೋದು ಸರಾಸರಿ 4,939. ಕೊರತೆ ಗ್ಯಾರಂಟಿ! ಬೇರೆ ಕಡೆಯಿಂದ ದುಬಾರಿಗೆ ಸಸಿ ತಂದು ತುಂಬಿಕೊಡಬೇಕು. ಇದಕ್ಕೆ ಹೆದರಿದವರು ಇಪ್ಪತ್ತು ಪರ್ಸೆಂಟ್ ಸೇರಿಸಿ 61 ಟ್ರೇ ಹಾಕ್ತಾರೆ. ಪಾಲಿಹೌಸ್ ಬೀಜ ಒಂದಕ್ಕೇ ಐದಾರು ರೂಪಾಯಿ, ಮಿಕ್ಕ ಸಸಿ ಕೇಳೋರಿಲ್ಲ.

ನಾನು ಮೊಬೈಲ್ ಕ್ಯಾಲ್ಕುಲೇಟರಲ್ಲೇ ನಾರ್ಮಲ್ (ಸರಾಸರಿಯ ಸುತ್ತ ಗಂಟೆ ಆಕಾರದಲ್ಲಿ ಹರಡೋ ಕರ್ವ್) ಹಿಡಿದೆ. 57 ಟ್ರೇಗೆ ಸರಾಸರಿ 5,027, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತೆ ಅನ್ನೋ ಅಳತೆ) 22ರ ಮೇಲೆ ಚೂರು. 5,000ದ ಬದಲು 4,999.5 ಇಟ್ಟರೆ (ಸಸಿ ಇಡೀ ಸಂಖ್ಯೆ, ಕರ್ವ್ ಹಾಗಲ್ಲ; ಆ ಅರ್ಧ ಬಿಡಬೇಡಿ) ಆರ್ಡರ್ ತುಂಬುವ ಸಾಧ್ಯತೆ ಶೇ. 89. 58 ಹಾಕಿದರೆ ಸರಾಸರಿ 5,116, ಐದು ಡೀವಿಯೇಷನ್ ಮೇಲೆ, ಅಂದರೆ 90 ಸರಿಯಿದ್ದರೆ ತುಂಬೋದು ಹೆಚ್ಚುಕಡಿಮೆ ಖಚಿತ. ಎಲ್ಲಾ ಆಟ ಒಂದೇ ಟ್ರೇಯಲ್ಲಿ! 58 ಹಾಕಿದ್ದಕ್ಕೆ, 61ಕ್ಕೆ ಹೋಲಿಸಿದರೆ ಬೀಜದಲ್ಲೇ ಸಾವಿರದೈನೂರು ಮೇಲೆ ಉಳಿಯಿತು.

'ಪುಸ್ತಕದ ಲೆಕ್ಕ ಕೋಕೋಪಿಟ್‌ನಲ್ಲಿ ಮೊಳೆಯಲ್ಲ' ಅಂದಿದ್ದ ಪಾಲುದಾರರು ಈಗ ಬಿತ್ತೋ ಮುಂಚೆ ನನ್ನನ್ನೇ ಕೇಳ್ತಾರೆ.

ಕೈಕೊಡೋದು ಆ 90ರಲ್ಲಿ. 400 ಬೀಜ ಪರೀಕ್ಷೆ ಮಾಡಿ ಬಂದ 90ಕ್ಕೇ ಒಂದೂವರೆ ಪರ್ಸೆಂಟ್ ಡೀವಿಯೇಷನ್ ಇರುತ್ತೆ. 5,600 ಬೀಜಕ್ಕೆ ಅದು 84 ಸಸಿ. ಅದರ ಮುಂದೆ 22 ಯಾವ ಲೆಕ್ಕ? ಅದಕ್ಕೇ ಅದೇ ಲಾಟಿನ ಹಿಂದಿನ ಟ್ರೇಗಳ ದಾಖಲೆ ಬೇಕು. ಹಳೆಯದಕ್ಕೂ ಹೊಸದಕ್ಕೂ ಎಷ್ಟೆಷ್ಟು ತೂಕ ಕೊಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಬುಡ ಕೊಳೆ ಬಂದರೆ ಟ್ರೇಗೆ ಟ್ರೇನೇ ಮಲಗುತ್ತೆ, ಬೈನಾಮಿಯಲ್ (ಪ್ರತಿ ಬೀಜ ಬೇರೆಬೇರೆಯಾಗಿ, ಒಂದೇ ಪ್ರಮಾಣದಲ್ಲಿ ಮೊಳೆಯುತ್ತೆ ಅನ್ನೋ ಲೆಕ್ಕ) ಉಳಿಯಲ್ಲ. ಒಂದು ಸಲ ಟ್ರೇವಾರು ಎಣಿಸಿ ನೋಡಿದೆ. ಸರಾಸರಿ 88, ಡೀವಿಯೇಷನ್ ಮೂರು ಬರಬೇಕು. ನಡುವಿನ ಸಾಲುಗಳಲ್ಲಿ ಹಾಗೇ ಬಂತು. ಅಂಚಿನ ಟ್ರೇಗಳಲ್ಲಿ ಏಳೆಂಟು! ಬಿಸಿಲು, ನೀರು ಒಂದೊಂದಕ್ಕೆ ಒಂದೊಂದು ಥರ. ಆಮೇಲಿಂದ ಅಂಚಿನವಕ್ಕೆ ಮೊಳಕೆ ಪ್ರಮಾಣ ಬೇರೆಯೇ ಹಿಡಿಯೋದು.

ಶೇ. 98 ಮೊಳೆಯೋ ಟೊಮ್ಯಾಟೊ, ಒಂದೇ ಟ್ರೇ ಆರ್ಡರ್ ಆದರೆ ನಾರ್ಮಲ್ ಬೇಡ. 98 ಗುಳಿಯಲ್ಲಿ 99 ಅಥವಾ ಹೆಚ್ಚು ಸಸಿ ಏಳೋದಕ್ಕೆ ನೂರಕ್ಕೆ ನಾಲ್ಕರಷ್ಟು ಅವಕಾಶ ಇದೆ ಅನ್ನುತ್ತೆ ಅದು. ಮೊಳೆಯದವು ಸರಾಸರಿ ಎರಡೇ ಇದ್ದಾಗ ಕರ್ವ್ ಕೂರಲ್ಲ. ಅಂಥದ್ದಕ್ಕೆ ಎಕ್ಸೆಲ್‌ನಲ್ಲಿ ಬೈನಾಮಿಯಲ್ಲನ್ನೇ ನೇರ ಹಾಕ್ತೀನಿ.